ಕಪ್ಪು ಗಾಜಿನ ಆಚೆ ಈಚೆ

ನಮ್ಮ ಕಲಬುರಗಿಯ ಬಿಸಿಲನ್ನು ಬಲ್ಲವರಿಗೆ ಅದರ ವರ್ಣನೆ ಬೇಕಿಲ್ಲ. ಅರಿಯದವರಿಗೆ ವರ್ಣಿಸಿ ತಿಳಿಸುವುದು ಸಾಧ್ಯವಿಲ್ಲ. ವೈಶಾಖದ ಮಧ್ಯಾಹ್ನ ಬಯಲಲ್ಲಿ ನಿಲ್ಲಿಸಿದ ಕಾರಿನ ಬಾಗಿಲನ್ನು ತೆರೆಯುವುದೂ ಉರಿಯುವ ಒಲೆಯ ಬಾಯಿಗೆ ಮುಖವೊಡ್ಡುವುದೂ ಒಂದೇ. ಮೂವತ್ತು ವರುಷಗಳಿಗೂ ಮೀರಿ ಹಳಗನ್ನಡ ಕಾವ್ಯವನ್ನು ಪಾಠ ಹೇಳಿದ ನನಗೆ ಸ್ವಂತದ್ದೊಂದು ಕಾರು ಒದಗಿದ್ದು ನಿವೃತ್ತಿಯ ಅನಂತರ, 2019ರಲ್ಲಿ. ಒದಗಿದ ಮೊದಲ ಬೇಸಗೆಯಲ್ಲಿಯೇ ಅದರ ಕಿಟಕಿಗಳಿಗೆ ಕಪ್ಪು ಫಿಲಂ ಅಂಟಿಸಲು ಒಂದು ಅಂಗಡಿಗೆ ಹೋದೆ. “ಇದಕ್ಕೆ ಕಾನೂನಿನ ಅಡ್ಡಿಯಿಲ್ಲವೆ?” ಎಂದು ಕೇಳಿದ್ದುಂಟು. “ಎಲ್ಲಾರೂ ಹಾಕಸ್ತಾರ್ರಿ ಸರ್” ಎಂಬ ಉತ್ತರ ಬಂತು. ಎಲ್ಲರೂ ಮಾಡುವುದು ಸರಿಯೇ ಇರಬೇಕೆಂದು ನಂಬುವುದು ಸುಲಭ, ನಾನೂ ನಂಬಿದೆ.

ಆ ಕಪ್ಪು ಗಾಜು ನನಗೆ ಕಲಿಸಿದ ಪಾಠವನ್ನೇ ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಅದಕ್ಕೆ ಮೊದಲು ಬಿಸಿಲು, ಗಾಜು, ಕಣ್ಣು ಈ ಮೂರರ ಸಂಬಂಧವನ್ನು ಸ್ವಲ್ಪ ವಿಚಾರಿಸಬೇಕು.

ಬಿಸಿಲೆಂದರೆ ಬರಿಯ ಬೆಳಕಲ್ಲ. ಸೂರ್ಯನಿಂದ ಬರುವ ಶಕ್ತಿಯಲ್ಲಿ ನಮ್ಮ ಕಣ್ಣಿಗೆ ಕಾಣುವ ಬೆಳಕು ಅರ್ಧಕ್ಕಿಂತ ತುಸು ಕಡಿಮೆ. ಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳು. ಉಳಿದ ಕೆಲವೇ ಪಾಲು ನೇರಳಾತೀತ ಕಿರಣಗಳು; ಚರ್ಮವನ್ನು ಕಪ್ಪಾಗಿಸುವುದೂ ಆಸನದ ಬಟ್ಟೆಯ ಬಣ್ಣ ಮಾಸಿಸುವುದೂ ಇವುಗಳ ಕೆಲಸ. ಕಾರಿನ ಗಾಜು ಬೆಳಕನ್ನೂ ಅವಗೆಂಪು ಕಿರಣಗಳ ಬಹುಪಾಲನ್ನೂ ಒಳಗೆ ಬಿಡುತ್ತದೆ. ಇವು ಆಸನವನ್ನು, ಚಕ್ರವನ್ನು, ಕುಳಿತವರ ಮೈಯನ್ನು ಕಾಯಿಸುತ್ತವೆ. ಕಾದ ವಸ್ತುಗಳು ಮರಳಿ ಸೂಸುವ ಕಾವು ಬೇರೊಂದು ಜಾತಿಯದು. ಅದನ್ನು ಗಾಜು ಹೊರಗೆ ಹೋಗಗೊಡುವುದಿಲ್ಲ. ಬಂದ ಅತಿಥಿಯನ್ನು ಕೂಡಿಹಾಕಿಕೊಳ್ಳುವ ಮನೆ ಅದು.

ಇಲ್ಲಿಯೇ ನಾವು ಎಡವುವುದು. ಕತ್ತಲಾದರೆ ತಂಪಾಯಿತು ಎಂದು ನಮ್ಮ ಮನಸ್ಸು ಎಣಿಸುತ್ತದೆ. ಮರದ ನೆರಳಿನ ಹಳೆಯ ಅನುಭವ ಹಾಗೆ ಎಣಿಸಲು ಕಲಿಸಿದೆ. ಆದರೆ ಬರಿಯ ಕಪ್ಪು ಬಣ್ಣದ ಅಗ್ಗದ ಫಿಲಂ ಮುಖ್ಯವಾಗಿ ತಡೆಯುವುದು ಕಾಣುವ ಬೆಳಕನ್ನು. ತಡೆದುದನ್ನು ಹೀರಿ ತಾನೇ ಕಾದು, ಆ ಕಾವಿನಲ್ಲಿ ಒಂದು ಪಾಲನ್ನು ಒಳಕ್ಕೂ ಸೂಸುತ್ತದೆ. ಸೆಕೆ ಒಂದಿಷ್ಟು ತಗ್ಗುವುದು ನಿಜ. ಆದರೆ ಕಳೆದುಕೊಂಡ ಬೆಳಕಿಗೆ ಹೋಲಿಸಿದರೆ ಗಳಿಸಿದ ತಂಪು ಅಲ್ಪ. ಇದಕ್ಕೆ ವಿರುದ್ಧವಾಗಿ, ಹೆಚ್ಚುಕಡಮೆ ತಿಳಿಯಾಗಿಯೇ ಕಾಣುತ್ತ ಅವಗೆಂಪು ಕಿರಣಗಳನ್ನು ತಡೆಯುವ ಸಿರಾಮಿಕ್ ಫಿಲಂಗಳೂ ಉಂಟು. ಕಪ್ಪು ಬೇರೆ, ತಂಪು ಬೇರೆ. ಎರಡನ್ನೂ ಒಂದೆಂದು ತಿಳಿದದ್ದು ನನ್ನ ಮೊದಲ ತಪ್ಪು.

ಎರಡನೆಯ ತಪ್ಪು ಲೆಕ್ಕದ್ದು. ನನ್ನ ಕಾರಿನ ಗಾಜಿನ ಮೇಲೆ ಬೀಳುವ ಬೆಳಕು 100 ಪಾಲು ಎನ್ನೋಣ. ಗಾಜು ತಾನೇ ಅದರಲ್ಲಿ 75 ಪಾಲನ್ನು ಒಳಗೆ ಬಿಡುತ್ತದೆ ಎಂದು ಇಟ್ಟುಕೊಳ್ಳೋಣ. ಅದರ ಮೇಲೆ ಅರ್ಧ ಬೆಳಕನ್ನು ಬಿಡುವ ಫಿಲಂ ಅಂಟಿಸಿದರೆ ಒಳಗೆ ಬರುವುದು 75ರ ಅರ್ಧ, ಎಂದರೆ 37.5 ಪಾಲು ಮಾತ್ರ. ಈಗ ಹೊರಗೆ ನಿಂತವನನ್ನು ನೆನೆಯಿರಿ. ನನ್ನ ಮುಖ ಅವನಿಗೆ ಕಾಣಬೇಕಾದರೆ ಬೆಳಕು ಒಮ್ಮೆ ಗಾಜನ್ನು ದಾಟಿ ಒಳಗೆ ಬರಬೇಕು, ನನ್ನ ಮುಖಕ್ಕೆ ತಾಕಿ ಮತ್ತೊಮ್ಮೆ ಅದೇ ಗಾಜನ್ನು ದಾಟಿ ಹೊರಗೆ ಹೋಗಬೇಕು. 37.5 ಪಾಲಿನಲ್ಲಿ ಮತ್ತೆ ಅಷ್ಟೇ ಪಾಲು ಎಂದರೆ ಸುಮಾರು 14. ಒಳಗಿರುವವನಿಗೆ ಒಂದು ಸುಂಕ, ಹೊರಗಿರುವವನಿಗೆ ಎರಡು ಸುಂಕ! ಇದರ ಮೇಲೆ, ಗಾಜಿನ ಹೊರಮೈಯಲ್ಲಿ ಹೊಳೆಯುವ ಆಕಾಶದ ಪ್ರತಿಬಿಂಬ ಆ 14 ಪಾಲನ್ನೂ ನುಂಗಿಬಿಡುತ್ತದೆ. ಕಪ್ಪು ಗಾಜಿನ ಕಾರಿನೊಳಗೆ ಕುಳಿತವರು ಲೋಕವನ್ನು ಕಾಣುತ್ತ, ಲೋಕಕ್ಕೆ ತಾವು ಕಾಣದಂತೆ ಇರುವ ಗುಟ್ಟು ಇದು.

ಮೂರನೆಯದು ಕಣ್ಣಿನ ಸಂಗತಿ. ಪ್ರಾಯ ಕಳೆದಂತೆ ನಮ್ಮ ಪಾಪೆ ಕಿರಿದಾಗುತ್ತದೆ, ಕಣ್ಣಿನ ಮಸೂರ ಹಳದಿಗಟ್ಟುತ್ತದೆ. ಅರುವತ್ತರವನ ಅಕ್ಷಿಪಟಕ್ಕೆ ತಲುಪುವ ಬೆಳಕು ಇಪ್ಪತ್ತರವನಿಗೆ ತಲುಪುವುದರ ಸುಮಾರು ಮೂರರಲ್ಲಿ ಒಂದು ಪಾಲು. ಪ್ರಕೃತಿಯೇ ನನ್ನ ಕಣ್ಣಿಗೆ ಒಂದು ಫಿಲಂ ಅಂಟಿಸಿತ್ತು. ಅದು ಸಾಲದೆಂದು ನಾನು ದುಡ್ಡು ಕೊಟ್ಟು ಇನ್ನೊಂದನ್ನು ಅಂಟಿಸಿಕೊಂಡೆ.

ಇವೆಲ್ಲ ಆಗ ನನಗೆ ತಿಳಿದಿರಲಿಲ್ಲ. ಒಂದು ಸಂಜೆ, ದೀಪ ಹಚ್ಚುವ ಹೊತ್ತು, ನಮ್ಮ ಬಡಾವಣೆಯ ತಿರುವಿನಲ್ಲಿ ಎಡಕ್ಕೆ ಹೊರಳಿಸಿದೆ. ಎಡಗಿಟಕಿಯ ಆಚೆ ನನಗೆ ಕಂಡದ್ದು ಮಬ್ಬು ಮಾತ್ರ. ಆ ಮಬ್ಬಿನೊಳಗಿಂದ ಸದ್ದು ಬಂತು. ಇಳಿದು ನೋಡಿದರೆ ಸೈಕಲ್ಲು ಬಿದ್ದಿದೆ, ಹಾಲಿನ ಕ್ಯಾನು ಉರುಳಿದೆ, ಹಾಲಿನವನು ಮೊಣಕಾಲು ಹಿಡಿದು ಕುಳಿತಿದ್ದಾನೆ. ದೈವ ದೊಡ್ಡದು, ಗಾಯ ತರಚಿದಷ್ಟೇ. ಆಸ್ಪತ್ರೆಯ ದಾರಿಯಲ್ಲಿ ಅವನು ಬೈಯಲಿಲ್ಲ, ಕೂಗಾಡಲಿಲ್ಲ. ಮೆಲ್ಲನೆ ಹೇಳಿದ: “ನಿಮ್ಮ ಮಾರಿ ಕಾಣಲಿಲ್ರಿ. ನೀವು ನನ್ನ ನೋಡೀರೋ ಇಲ್ಲೋ ತಿಳೀಲಿಲ್ಲ. ಮಾರಿ ಕಂಡಿದ್ರ ನಾನೇ ನಿಲ್ತಿದ್ದೆ.”

ನಮ್ಮ ರಸ್ತೆಗಳ ವ್ಯವಹಾರವೆಲ್ಲ ಈ ಒಂದು ಮಾತಿನಲ್ಲಿದೆ. ದೀಪಕಂಬವಿಲ್ಲದ, ಪೊಲೀಸರಿಲ್ಲದ ಸಾವಿರಾರು ಕೂಡುದಾರಿಗಳಲ್ಲಿ ಜನ ದಾಟುವುದು ಕಣ್ಣಿನ ಒಪ್ಪಂದದಿಂದ. ದಾಟುವ ಮುದುಕಿ ಚಾಲಕನ ಮುಖ ನೋಡುತ್ತಾಳೆ, ಅವನು ತಲೆಯಾಡಿಸುತ್ತಾನೆ, ಆಕೆ ಹೆಜ್ಜೆ ಇಡುತ್ತಾಳೆ. ಕಪ್ಪು ಗಾಜು ಈ ಒಪ್ಪಂದದ ಕಾಗದವನ್ನೇ ಹರಿದುಹಾಕುತ್ತದೆ.

ಮರುದಿನವೇ ಫಿಲಂ ತೆಗೆಸಿದೆ. ಆಮೇಲೆ ಕಾನೂನನ್ನು ವಿಚಾರಿಸಿದೆ. ಮೊದಲೇ ಮಾಡಬೇಕಾಗಿದ್ದ ಕೆಲಸ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮದಂತೆ ಮುಂದಿನ, ಹಿಂದಿನ ಗಾಜುಗಳು ಕನಿಷ್ಠ ನೂರಕ್ಕೆ 70ರಷ್ಟು, ಪಕ್ಕದ ಗಾಜುಗಳು ನೂರಕ್ಕೆ 50ರಷ್ಟು ಬೆಳಕನ್ನು ಬಿಡಲೇಬೇಕು. ಕಪ್ಪು ಗಾಜಿನ ವಾಹನಗಳಲ್ಲಿ ನಡೆಯುತ್ತಿದ್ದ ಅಪರಾಧಗಳನ್ನು ಎತ್ತಿ ತೋರಿದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯೊಂದರ ಮೇಲೆ ಸರ್ವೋಚ್ಚ ನ್ಯಾಯಾಲಯ 2012ರ ಏಪ್ರಿಲ್ 27ರಂದು ತೀರ್ಪಿತ್ತು, ಗಾಜಿನ ಮೇಲೆ ಯಾವುದೇ ಪ್ರಮಾಣದ ಕಪ್ಪು ಫಿಲಂ ಅಂಟಿಸುವುದನ್ನು ನಿಷೇಧಿಸಿತು. ತಯಾರಿಕೆಯಲ್ಲಿಯೇ ಬಣ್ಣ ಬೆರೆತ, 70 ಮತ್ತು 50ರ ಅಳತೆಗೆ ಹೊಂದುವ ಗಾಜಿಗೆ ಅಡ್ಡಿ ಬರಲಿಲ್ಲ. ನಾನು ಫಿಲಂ ಅಂಟಿಸಿದ್ದು ಈ ತೀರ್ಪು ಬಂದು ಏಳು ವರುಷಗಳಾದ ಮೇಲೆ! ಮುಂದೆ 100ನೆಯ ನಿಯಮಕ್ಕೆ ಆದ ತಿದ್ದುಪಡಿ 2021ರ ಏಪ್ರಿಲಿನಿಂದ ಜಾರಿಗೆ ಬಂತು. ಅದನ್ನು ಆಧರಿಸಿ ಕೇರಳದ ಉಚ್ಚ ನ್ಯಾಯಾಲಯ, ನಿಯಮದ ಮಾನದಂಡಕ್ಕೂ ಬೆಳಕಿನ ಅಳತೆಗೂ ಹೊಂದುವ ಫಿಲಂ ಹಾಕಿದವರಿಗೆ ದಂಡ ಹಾಕಲಾಗದೆಂದು 2024ರಲ್ಲಿ ಹೇಳಿತು. ಇದನ್ನು ಓದಿ ಮತ್ತೆ ಅಂಗಡಿಗೆ ಓಡುವವರು ಒಂದನ್ನು ಮರೆಯಬಾರದು: 70 ಮತ್ತು 50ರ ಅಳತೆಗಳು ಹಾಗೆಯೇ ಇವೆ, ಅವು ಗಾಜು, ಫಿಲಂ ಎರಡೂ ಕೂಡಿದ ಅಳತೆಗಳು. ಗಾಜು 75 ಪಾಲು ಬಿಡುವುದಾದರೆ, ಪಕ್ಕದ ಕಿಟಕಿಯ ಫಿಲಂ ಮೂರರಲ್ಲಿ ಎರಡು ಪಾಲನ್ನಾದರೂ ಬಿಡಲೇಬೇಕು.

ಹಾಗಾದರೆ ಬಿಸಿಲಿಗೆ ಏನು ಮಾಡೋಣ? ನಿಲ್ಲಿಸುವಾಗ ನೆರಳು ಹುಡುಕೋಣ. ನಿಂತ ಕಾರಿನ ಮುಂಗಾಜಿಗೆ ಒಳಗಿನಿಂದ ಹೊಳಪಿನ ಪರದೆ ಇಟ್ಟು, ಹೊರಡುವಾಗ ತೆಗೆಯೋಣ. ಹತ್ತುವ ಮುನ್ನ ಎರಡು ಕಡೆಯ ಬಾಗಿಲು ತೆರೆದು, ಕೂಡಿಬಿದ್ದ ಕಾವನ್ನು ಹೊರಗೆ ಕಳಿಸೋಣ. ಮುಂಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ಕಿನ ಪದರವಿರುವಂಥದು. ನೇರಳಾತೀತ ಕಿರಣಗಳ ಬಹುಭಾಗವನ್ನು ಆ ಪದರವೇ ತಡೆಯುತ್ತದೆ.

ಕಿಟಕಿಗೆ ಸಂಸ್ಕೃತದಲ್ಲಿ ಗವಾಕ್ಷವೆಂಬ ಹೆಸರುಂಟು; ಹಸುವಿನ ಕಣ್ಣು ಎಂದು ಅದರ ಅರ್ಥ. ಬೇಲೂರಿನ ಗುಡಿಯ ಜಾಲಂಧ್ರಗಳು ಬಿಸಿಲನ್ನು ಸೋಸಿ ತಂಪು ಮಬ್ಬನ್ನು ಒಳಗೆ ಬಿಡುತ್ತವೆ. ಅಲ್ಲಿ ಅದು ಚೆಲುವು. ಆದರೆ ಗುಡಿ ನಿಂತಲ್ಲಿ ನಿಂತಿರುತ್ತದೆ, ಯಾರ ಮೇಲೂ ಹರಿಯುವುದಿಲ್ಲ. ಓಡುವ ವಾಹನದ ಕಿಟಕಿ ನಿಜವಾಗಿಯೂ ಕಣ್ಣಾಗಿಯೇ ಇರಬೇಕು. ಕಣ್ಣು ತಾನು ನೋಡುವುದಷ್ಟೇ ಅಲ್ಲ, ಇನ್ನೊಬ್ಬರ ಕಣ್ಣಿಗೆ ಕಾಣಲೂ ಬೇಕು.

ಹಾಲಿನವನು ಈಗಲೂ ನಮ್ಮ ಬೀದಿಗೆ ಬರುತ್ತಾನೆ. ತಿರುವಿನಲ್ಲಿ ಎದುರಾದಾಗ ಅವನು ನನ್ನ ಗಾಜಿನತ್ತ ನೋಡುತ್ತಾನೆ. ನಾನು ಕೈ ಎತ್ತುತ್ತೇನೆ. ಅವನು ನಕ್ಕು, ಮುಂದೆ ಸಾಗುತ್ತಾನೆ.