ಕಲಿಸಿದರೆ ಮುಗಿಯಿತೇ?



ನಿಮ್ಮ ಊರಿನಲ್ಲಿ ಹೊಲಿಗೆ ಕಲಿತವರು ಎಷ್ಟು ಜನ ಇದ್ದಾರೆ? ಅವರಲ್ಲಿ ಇವತ್ತು ಹೊಲಿದು ನಾಲ್ಕು ಕಾಸು ದುಡಿಯುವವರು ಎಷ್ಟು ಜನ? ಬೆರಳು ಮಡಚಿ ಲೆಕ್ಕ ಹಾಕಿ. ಎರಡು ಲೆಕ್ಕವೂ ಒಂದೇ ಆಯಿತೇ? ಬಹಳ ಊರುಗಳಲ್ಲಿ ಆಗುವುದಿಲ್ಲ.

ಯಾಕೆ ಹೀಗೆ? ನಾವು ಅಕ್ಷರ ಕಲಿಸುವವರು. ಕಸುಬು ಕಲಿಸುವವರನ್ನೇ ಹೋಗಿ ಕೇಳೋಣ ಅಂದುಕೊಂಡೆವು.

ಉಜಿರೆಯಲ್ಲಿ ಶುರುವಾಯಿತು

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಧರ್ಮಸ್ಥಳದ ಹತ್ತಿರ, ಉಜಿರೆ ಎಂಬ ಊರಿದೆ. 1982ರಲ್ಲಿ ಅಲ್ಲಿ ರುಡ್‌ಸೆಟ್ ಸಂಸ್ಥೆ ಹುಟ್ಟಿತು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಮುಂದೆ ನಿಂತರು. ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಕೈ ಜೋಡಿಸಿದವು. (2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು.) ಹಳ್ಳಿಯ ಯುವಕ ಯುವತಿಯರಿಗೆ ಕಸುಬು ಕಲಿಸಬೇಕು, ಅವರು ತಮ್ಮ ಕಾಲ ಮೇಲೆ ನಿಲ್ಲಬೇಕು. ಇದೇ ಅದರ ಗುರಿ. ಲಾಭ ಮಾಡುವುದಲ್ಲ.

ಈ ದಾರಿ ಚೆನ್ನಾಗಿದೆ ಎಂದು ಕೇಂದ್ರ ಸರ್ಕಾರಕ್ಕೂ ಅನ್ನಿಸಿತು. ಜಿಲ್ಲೆಗೊಂದು ಇಂಥ ಸಂಸ್ಥೆ ನಡೆಸಿ ಎಂದು 2009ರಲ್ಲಿ ಬ್ಯಾಂಕುಗಳಿಗೆ ಹೇಳಿತು. ಅವನ್ನು ಆರ್‌ಸೆಟಿ ಅನ್ನುತ್ತಾರೆ. ಇಲ್ಲಿ ತರಬೇತಿಗೆ ದುಡ್ಡಿಲ್ಲ. ಊಟಕ್ಕೆ, ಉಳಿಯುವುದಕ್ಕೂ ದುಡ್ಡಿಲ್ಲ. ಹೈನುಗಾರಿಕೆಯಂಥ ಕಸುಬಿಗೆ ಸುಮಾರು 10 ದಿನ. ಹೊಲಿಗೆಗೆ ಸುಮಾರು ಒಂದು ತಿಂಗಳು. ತರಬೇತಿ ಮುಗಿದ ಮೇಲೆ 2 ವರ್ಷ ಬೆನ್ನು ಹತ್ತಿ ವಿಚಾರಿಸಬೇಕು ಎಂಬುದು ನಿಯಮ. ಇದಕ್ಕೆ 'ಫಾಲೋ ಅಪ್' ಅನ್ನುತ್ತಾರೆ.

ಆರ್‌ಸೆಟಿ ಅಲ್ಲದೆ, ಚಿಕ್ಕ ಚಿಕ್ಕ ಸೇವಾ ಸಂಸ್ಥೆಗಳೂ ಕಸುಬು ಕಲಿಸುತ್ತವೆ. ಅಂಥ ಒಂದು ಕೇಂದ್ರಕ್ಕೆ ನಾವು ಹೋದೆವು. ಅಲ್ಲಿ ದುಡಿಯುವವರ ಜೊತೆ ಕೂತು ಮಾತಾಡಿದೆವು.

ಮೊದಲು ಧೈರ್ಯ, ಆಮೇಲೆ ಮಿಷನ್

ಅಲ್ಲಿ ಹೊಲಿಗೆ ಕಲಿಸುವ ಅಕ್ಕ ಹಿಂದೆ ಅಲ್ಲೇ ಕಲಿತವರು. "ಮೊದಲ ದಿನ ನಾವು ಮಿಷನ್ ಮುಟ್ಟಿಸೋದಿಲ್ಲ. ಆಟ ಆಡಿಸ್ತೀವಿ" ಅಂದರು.

ಎಂಥ ಆಟ? ಒಬ್ಬಳ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ಅವಳು ಮರದ ತುಂಡುಗಳನ್ನು ಒಂದರ ಮೇಲೊಂದು ಇಡಬೇಕು. ಎಷ್ಟು ಇಡುತ್ತೇನೆ ಎಂದು ಮೊದಲೇ ಹೇಳಬೇಕು. ಪಕ್ಕದಲ್ಲಿ ಇಬ್ಬರು ಅವಳ ಮನೆಯವರ ಹಾಗೆ ನಿಲ್ಲುತ್ತಾರೆ. "ಬೀಳ್ತದೆ, ಬೀಳ್ತದೆ" ಅಂದರೆ ಅವಳ ಕೈ ನಡುಗುತ್ತದೆ. "ಇಡು, ಸರಿಯಾಗಿದೆ" ಅಂದರೆ ತುಂಡು ಮೇಲೇರುತ್ತದೆ. ಮನೆಯವರ ಮಾತಿಗೆ ಎಷ್ಟು ಬಲ ಇದೆ ನೋಡಿ!

ಹುಣಸೆಹಣ್ಣಿನ ಚೀಲದ ಕೆಳಗೆ

ಆ ಅಕ್ಕ ಇನ್ನೊಂದು ಸಂಗತಿ ಹೇಳಿದರು. ಕಲಿತು ಹೋದ ಒಬ್ಬಳ ಮನೆಗೆ ಅವರು ಹೋಗಿದ್ದರು. ಸಾಲ ಮಾಡಿ ತಂದ ಮಿಷನ್ ಮೂಲೆಯಲ್ಲಿತ್ತು. ಮೇಲೆ ಹಳೇ ಸೀರೆ ಹೊದಿಸಿತ್ತು. ಅದರ ಮೇಲೆ ಹುಣಸೆಹಣ್ಣಿನ ಚೀಲ.

"ಯಾಕೆ ತಂಗಿ, ಹೊಲೀತಾ ಇಲ್ವಾ?"

ಅವಳು ತಲೆ ಎತ್ತಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದಳು. ಪಕ್ಕದ ಮನೆಯವರು ರವಿಕೆ ಬಟ್ಟೆ ಕೊಟ್ಟಿದ್ದರಂತೆ. ಇವಳು ಅಳತೆ ತೆಗೆದಳು. ಬರೆದಿಡಲಿಲ್ಲ. ಎರಡು ದಿನ ಬಿಟ್ಟು ನೆನಪಿನ ಮೇಲೆ ಕತ್ತರಿಸಿದಳು. ಎದೆ 36 ಇದ್ದದ್ದು 34 ಆಯಿತು. ರವಿಕೆ ಕೆಟ್ಟಿತು. ಬಟ್ಟೆಯ ದುಡ್ಡು ಕಟ್ಟಿಕೊಡಬೇಕಾಯಿತು. "ಅವತ್ತಿಂದ ಕತ್ತರಿ ಹಿಡಿಯೋಕೆ ಹೆದರಿಕೆ ಅಕ್ಕಾ" ಅಂದಳು.

ಅಕ್ಕ ಬಯ್ಯಲಿಲ್ಲ. ಚೀಲ ಇಳಿಸಿದರು. ಹಳೇ ಪೇಪರ್ ತರಿಸಿದರು. ಮೊದಲು ಪೇಪರಿನ ಮೇಲೆ ಕತ್ತರಿಸು ಅಂದರು. ಮಗನ ನೋಟ್ ಬುಕ್ಕಿನಲ್ಲಿ ಅವಳ ಕೈಯಿಂದಲೇ ಬರೆಸಿದರು: ಎದೆ 36. ಸೊಂಟ 32. ತೋಳು 9. ಸಂಜೆ ಹೊತ್ತಿಗೆ ಮಿಷನ್ ಸದ್ದು ಮಾಡಿತು.

ಆ ತಂಗಿಗೆ ಹೊಲಿಗೆ ಬರುತ್ತಿತ್ತು. ಬರೆದಿಡುವ ರೂಢಿ ಇರಲಿಲ್ಲ. ಒಂದು ರವಿಕೆ ಕೆಟ್ಟಾಗ ಜೊತೆಗೆ ನಿಲ್ಲುವವರೂ ಇರಲಿಲ್ಲ.

ಕಲಿಸುವವರ ಕಷ್ಟ

ಈ ಕೆಲಸ ಸುಲಭವಲ್ಲ. ಆ ಅಕ್ಕನಿಗೆ ಸಿಗುವುದು ದಿನದ ಲೆಕ್ಕದ ಸಂಬಳ. ಹೊಸ ತಂಡ ಬರದಿದ್ದರೆ ಸಂಬಳವೂ ಇಲ್ಲ. ಮನೆ ಮನೆಗೆ ಹೋದ ದಿನಕ್ಕೂ ಇಲ್ಲ. ಒಮ್ಮೆ ಮೂರು ತಿಂಗಳ ಸಂಬಳ ತಡವಾಯಿತಂತೆ. "ಸೇವೆ ಅಲ್ವಾ, ಸಹಿಸ್ಕೊಳ್ಳಿ ಅಂದರು. ಸೇವೆ ಮಾಡೋರಿಗೂ ಹೊಟ್ಟೆ ಇದೆ" ಅಂದರು ಅಕ್ಕ. ನಮಗೂ ಹೌದು ಅನ್ನಿಸಿತು. ಒಳ್ಳೆಯ ಕೆಲಸ ಅಂದ ಮಾತ್ರಕ್ಕೆ ಕೂಲಿ ತಡ ಮಾಡಬಾರದು.

ಇನ್ನೊಂದು ಕಷ್ಟ ಲೆಕ್ಕದ್ದು. ಎಷ್ಟು ಜನ ಕಲಿತರು ಎಂದು ಮೇಲಿನವರು ಕೇಳುತ್ತಾರೆ. ಎಷ್ಟು ಜನ ದುಡಿಯುತ್ತಿದ್ದಾರೆ ಎಂದೂ ಕೇಳಬೇಕಲ್ಲವೇ? ಮೊದಲ ಲೆಕ್ಕ ಕೇಂದ್ರದಲ್ಲೇ ಸಿಗುತ್ತದೆ. ಎರಡನೆಯದಕ್ಕೆ ಬಿಸಿಲಲ್ಲಿ ನಡೆಯಬೇಕು.

"ಮತ್ತೆ ಯಾಕೆ ಈ ಕೆಲಸ ಬಿಟ್ಟಿಲ್ಲ?" ಎಂದು ಕೇಳಿದೆವು. ಅಕ್ಕ ನಕ್ಕರು. "ಆ ಮಿಷನ್ ಸದ್ದು ಕೇಳಬೇಕು ಅಂತ" ಅಂದರು.

ಸೇರುವ ಮೊದಲು ಕೇಳಿ

ನೀವು ತರಬೇತಿಗೆ ಸೇರುವುದಾದರೆ ನಾಚಿಕೆ ಬಿಟ್ಟು ಕೇಳಿ:

ದುಡ್ಡು ಕಟ್ಟಬೇಕೇ?
ಎಷ್ಟು ದಿನ ಕಲಿಸುತ್ತೀರಿ?
ಬ್ಯಾಂಕ್ ಸಾಲದ ಅರ್ಜಿಗೆ ಸಹಾಯ ಮಾಡುತ್ತೀರಾ?
ಮುಗಿದ ಮೇಲೆ ಮನೆಗೆ ಬಂದು ವಿಚಾರಿಸುತ್ತೀರಾ?

ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಅದೇ ದೊಡ್ಡದು. ವಿಚಾರಿಸಲು ಬಂದವರ ಹತ್ತಿರ ಕಷ್ಟ ಮುಚ್ಚಿಡಬೇಡಿ. ಅದನ್ನು ಕೇಳುವುದಕ್ಕೇ ಅವರು ಬಂದಿರುತ್ತಾರೆ.

ಕೂತು ಮಾತಾಡಿ

1. ನಿಮ್ಮ ಊರಿನಲ್ಲಿ ಮೂಲೆ ಸೇರಿದ ಮಿಷನ್ ಇದೆಯೇ? ಯಾಕೆ ನಿಂತಿತು?
2. ನಿಮ್ಮ ಮನೆಯವರ ಅಳತೆ ತೆಗೆದು ನೋಟ್ ಬುಕ್ಕಿನಲ್ಲಿ ಬರೆಯಿರಿ.