ಪರಸ್ಥಳದ ಮಳೆ

ಸೇಡಂ, ಚಿತ್ತಾಪುರಗಳನ್ನು ಹಾಯ್ದು ವಾಡಿಯನ್ನು ಕೂಡುವ ರೈಲುದಾರಿ 1874ರದು. ಈ ಸೀಮೆಯ ದಂಪತಿಗಳು ಕೂಲಿಯನ್ನರಸಿ ಮುಂಬಯಿಗೆ ಹೊರಡುವುದು ಆ ದಾರಿ ಹಿಡಿದೇ. 1948ರವರೆಗೆ ನಿಜಾಮರ ಪ್ರಜೆಗಳಾಗಿದ್ದ ಇಲ್ಲಿಯವರಿಗೆ ಅದು ಅಕ್ಷರಶಃ ಪರರಾಜ್ಯ. ಇಂದಿಗೂ ಪರದೇಶವೇ ಅನ್ನಿ.

ಊರಿನಲ್ಲಿ ಮಿರಗದ ಮಳೆಯೆಂದರೆ ತೊಗರಿಯ ಬಿತ್ತನೆ. ಮೋಡ ಕವಿದರೆ ಮುಖ ಅರಳುವುದು. ಮುಂಬಯಿಯಲ್ಲಿ ಅದೇ ಮೋಡ ಕಟ್ಟಡದ ಕೆಲಸವನ್ನು ನಿಲ್ಲಿಸಿ ದಿನಗೂಲಿಯನ್ನು ಕಸಿಯುವುದು. ಅಲ್ಲಿ ಸುರಿಯುವುದೋ, ಇಲ್ಲಿಯ ಸುಮಾರು ಮೂರರಷ್ಟು! ಶಹಾಬಾದ್ ಕಲ್ಲಿನ ಮಾಳಿಗೆಯ ಕೆಳಗೆ ಬೆಳೆದವಳು ತಗಡಿನ ಮೇಲಣ ಹನಿಗಳ ಗದ್ದಲಕ್ಕೆ ನಿದ್ದೆಗೆಡುವಳು. ಕಟ್ಟಿಗೆ ತೊಯ್ದ ದಿನ ಜೋಳದ ರೊಟ್ಟಿಯಿಲ್ಲ, ಅಂಗಡಿಯ ಪಾವೇ ಊಟ. ಇದಕ್ಕೆಲ್ಲ ಒಗ್ಗಿಕೊಳ್ಳಬಹುದು. ಆದರೆ ಗುಡುಗಿತೆಂದರೆ ಗಂಡ ಹಳೆಯ ರೂಢಿಯಿಂದ ಹಿಗ್ಗಿ ಬಾಗಿಲಿಗೆ ಬರುವನು. ಹೆಂಡತಿ ಡಬ್ಬಿಯಲ್ಲಿ ಉಳಿದ ಹಿಟ್ಟನ್ನು ನೋಡುವಳು.