ಜೂಜುಕೋರನ ಅಳತೆಗೋಲು

1995ರಲ್ಲಿ ನ್ಯೂಯಾರ್ಕಿನ ಮನೋವೈದ್ಯ ಐವಾನ್ ಗೋಲ್ಡ್‌ಬರ್ಗ್ ಒಂದು ಕುಚೋದ್ಯ ಮಾಡಿದರು. ರೋಗನಿರ್ಣಯದ ಕೈಪಿಡಿಯ ಗತ್ತಿನಲ್ಲೇ ‘ಇಂಟರ್ನೆಟ್ ವ್ಯಸನ’ವೆಂಬ ಇಲ್ಲದ ಕಾಯಿಲೆಯನ್ನು ಹೊಸೆದು ಸಹೋದ್ಯೋಗಿಗಳ ಮುಂದಿಟ್ಟರು. ಬೆರಳುಗಳು ತಂತಾನೇ ಟೈಪು ಮಾಡುವಂತೆ ಆಡುವುದೂ ಅದರ ಒಂದು ಲಕ್ಷಣ! ಎಲ್ಲರೂ ನಕ್ಕು ಸುಮ್ಮನಾಗಬೇಕಿತ್ತು. ಕೆಲವರು ‘ನನಗೂ ಇದೇ ಇದೆ’ ಎಂದು ಬರೆದರು.

ಸುಮಾರು ಅದೇ ಹೊತ್ತಿಗೆ ಅಮೆರಿಕದ ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ಯಂಗ್ ಗೆಳತಿಯೊಬ್ಬಳ ಗೋಳು ಕೇಳಿದರು. ಅವಳ ಗಂಡ ವಾರಕ್ಕೆ 40, 50, 60 ಗಂಟೆ ಎಒಎಲ್ ಎಂಬ ಇಂಟರ್ನೆಟ್ ಸೇವೆಯ ಚಾಟ್‌ರೂಮುಗಳಲ್ಲೇ ಬಿದ್ದಿರುತ್ತಿದ್ದ. ಗಂಟೆಗೆ 2.95 ಡಾಲರ್ ತೆರಬೇಕಿದ್ದ ಕಾಲ. ಮೊದಲು ದುಡ್ಡು ಕರಗಿತು, ಆಮೇಲೆ ಮದುವೆ ಮುರಿಯಿತು.

ಇದು ಚಟವೇ ಎಂದು ತೀರ್ಮಾನಿಸುವುದಾದರೂ ಹೇಗೆ? ಮೈಯೊಳಗೆ ಏನೂ ಇಳಿಯದೆ ಚಟ ಹತ್ತೀತೇ ಎಂದು ಮೂಗು ಮುರಿಯುವವರಿಗೆ ಕೊರತೆಯಿರಲಿಲ್ಲ. ಯಂಗ್ ಹೆಂಡದ ಚಟದ ಲಕ್ಷಣಪಟ್ಟಿಯನ್ನು ಬದಿಗಿಟ್ಟು ಜೂಜಿನದನ್ನು ಕೈಗೆತ್ತಿಕೊಂಡರು. ಅದರಿಂದ ಎಂಟು ಪ್ರಶ್ನೆಗಳನ್ನು ರೂಪಿಸಿದರು. ಐದಕ್ಕೆ ‘ಹೌದು’ ಬಂದರೆ ಅವಲಂಬಿತ ಎಂದು ಗೆರೆ ಎಳೆದರು. ಬನ್ನಿ, ಉತ್ತರಿಸಿ ಎಂದು ಕರೆ ಕೊಟ್ಟದ್ದೇ ತಡ, ಉತ್ತರಗಳು ನುಗ್ಗಿಬಂದವು.

496 ಮಂದಿಯಲ್ಲಿ 396 ಜನ ಗೆರೆ ದಾಟಿದ್ದರು. ಸಂಖ್ಯೆ ಕಂಡು ಹೌಹಾರಬೇಕಿಲ್ಲ. ತೊಂದರೆಯಲ್ಲಿದ್ದವರೇ ಮುಂದೆ ಬಂದು ಉತ್ತರಿಸಿದ ಸಮೀಕ್ಷೆಯದು. ಬೆರಗು ಬೇರೆಡೆ ಇತ್ತು. ಕಂಪ್ಯೂಟರ್ ಹುಚ್ಚಿನ ಹುಡುಗರೇ ಸಿಗುತ್ತಾರೆಂದುಕೊಂಡರೆ ಗೃಹಿಣಿಯರೂ ಕೆಲಸವಿಲ್ಲದವರೂ ಸಾಲುಗಟ್ಟಿದ್ದರು. 1996ರಲ್ಲಿ ಟೊರಾಂಟೊದ ಸಮ್ಮೇಳನದಲ್ಲಿ ಯಂಗ್ ಇದನ್ನು ಮಂಡಿಸಿದ ಮೇಲೆ ವಾಗ್ವಾದ ಬಿಸಿಯೇರಿತು.

ಅವರು ಪಟ್ಟು ಬಿಡಲಿಲ್ಲ. 1998ರ ಹೊತ್ತಿಗೆ ಎಂಟು ಪ್ರಶ್ನೆ ಇಪ್ಪತ್ತಾಗಿದ್ದವು. ಆದರೆ ಹದಿಹರೆಯದವರ ಮುಂದೆ ಹಾಳೆ ಇಟ್ಟಾಗ ಹೊಸ ತೊಡಕು: ಮುಚ್ಚಿಡುವುದೇ ಚಟದ ಲಕ್ಷಣವಾದರೆ ಹುಡುಗ ಕೊಟ್ಟ ಉತ್ತರವನ್ನು ನಂಬುವುದೆಂತು? ಅದಕ್ಕೆ ತಾಯ್ತಂದೆಯರು ಉತ್ತರಿಸುವ ಪಟ್ಟಿಯೂ ಹುಟ್ಟಿತು. ನೀವು ಹಾಕಿದ ಸಮಯದ ಮಿತಿಯನ್ನು ಮಗು ಎಷ್ಟು ಸಲ ಮೀರುತ್ತದೆ ಎಂಬಲ್ಲಿಂದಲೇ ಅದರ ಶುರು. ದಕ್ಷಿಣ ಕೊರಿಯಾ 2002ರಲ್ಲಿ ‘ಕೆ-ಸ್ಕೇಲ್’ ಎಂಬ ತನ್ನದೇ ಅಳತೆಯನ್ನು ರೂಪಿಸಿ ಮಕ್ಕಳನ್ನು ಸಾಮಾನ್ಯ, ಅಪಾಯದಂಚಿನ, ತೀವ್ರ ಅಪಾಯದ ಗುಂಪುಗಳಾಗಿ ವಿಂಗಡಿಸತೊಡಗಿತು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಇಂಥ ಚಟಕ್ಕೆ ಸಿಕ್ಕವರಿಗೆಂದೇ ‘ಶಟ್’ ಕ್ಲಿನಿಕ್ ತೆರೆಯಿತು.

ಜೂಜಿನ ಪಟ್ಟಿಯೇ ಹೊಂದಿದ್ದೇಕೆ? ಜೂಜುಕೋರನ ಮೈಗೂ ಯಾವ ಅಮಲು ಪದಾರ್ಥವೂ ಇಳಿಯುವುದಿಲ್ಲ. ಅವನಲ್ಲಿ ಕೆಟ್ಟಿರುವುದು ಆಟ ಬಿಟ್ಟು ಎದ್ದುಬರುವ ಶಕ್ತಿ. ದಿನಕ್ಕೆ ಎಷ್ಟು ಗಂಟೆ ಎಂದು ಯಂಗ್ ಅವರ ಎಂಟರಲ್ಲಿ ಒಂದೂ ಕೇಳುವುದಿಲ್ಲ. ಬಿಡಲು ಹೋಗಿ ಸೋತಿರಾ, ಮನೆಯವರಿಗೆ ಸುಳ್ಳು ಹೇಳಿದಿರಾ, ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಕೂತಿರಾ ಎಂದು ಕೇಳುತ್ತವೆ.